ಲಿಂಗರಾಜಪುರಕ್ಕೆ ತಲುಪದ ಫೋಟೋಗಳು

ಅಮ್ಮನ ಮುಖ ನನಗೆ ನೆನಪಿದೆಯೋ, ದೊಡ್ಡಪ್ಪ ತೆಗೆದ ಅವಳ ಫೋಟೋಗಳು ನೆನಪಿವೆಯೋ, ಹೇಳಲಾರೆ. ಅವಳು ಹೋದಾಗ ನಾನು ತೀರಾ ಚಿಕ್ಕವಳು. ಶಿವಾಜಿನಗರದ ತಮ್ಮ ಸ್ಟುಡಿಯೋ ಅಂಗಡಿಯಲ್ಲಿ ಬೆಳಕು ಸರಿನೋಡಲು ದೊಡ್ಡಪ್ಪ ಅವಳನ್ನೇ ಕೂರಿಸುತ್ತಿದ್ದರಂತೆ. ಮನೆಯಲ್ಲಿ ಪ್ರಿಂಟ್ ಒಂದೂ ಉಳಿದಿರಲಿಲ್ಲ. ನೆಗೆಟಿವ್‌ಗಳಿಗೆ ಬೂಷ್ಟು ಹಿಡಿದಾಗ ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಂಗಡಿಯ ಕಂಪ್ಯೂಟರಿಗೆ ಹಾಕಿದೆವು, ಹಳೆಯವನ್ನು ಎಸೆದೆವು.

ಒಂದೇ ಕಡೆ ಇದ್ದರೆ ಭಯ. ಲಿಂಗರಾಜಪುರದ ನಮ್ಮ ಮನೆಯಲ್ಲಿ ಇನ್ನೊಂದು ಡಿಸ್ಕ್ ಇಟ್ಟು, ಇಂಟರ್‌ನೆಟ್ ಮೂಲಕ ಪ್ರತಿಗಳನ್ನು ಕಳಿಸುವುದೆಂದಾಯಿತು. ಫೈಬರ್ ಹಾಕಿಸುವುದೋ, ಇದ್ದ ಅಗ್ಗದ ಕೇಬಲ್ ಲೈನನ್ನೇ ನೆಚ್ಚುವುದೋ? ಕೇಬಲ್ ಲೈನ್ ಇಳಿಸಿಕೊಳ್ಳುವಾಗ ಓಡುತ್ತಿತ್ತು, ಕಳಿಸುವಾಗ ತೆವಳುತ್ತಿತ್ತು.

"ಫೋಟೋ ತಾನೆ ಸಾರ್, ಅರ್ಜೆಂಟಾ?" ಎಂದ ಕೇಬಲ್‌ನವನು. "ಎಂಟು ಗಂಟೆಗೆ ಗಿರಾಕಿ ಕಮ್ಮಿ ಆದ್ಮೇಲೆ ಶುರುವಾಗೋ ಹಾಗೆ ಇಡಿ, ರಾತ್ರಿಯೆಲ್ಲ ಹೋಗ್ತಾ ಇರುತ್ತೆ. ಫೈಬರ್ ಹಾಕ್ಸಿ ಯಾರ ಜೊತೆ ರೇಸಿಗೆ ಹೋಗ್ಬೇಕು?"

"ಹೌದು ಬಿಡು," ಎಂದರು ದೊಡ್ಡಪ್ಪ. "ಹಳೇ ಫೋಟೋನ ದಿನಾ ಯಾರು ಕೇಳ್ತಾರೆ?"

ಆ ಯೋಚನೆ ತಪ್ಪಲ್ಲ. ಮನೆಯ ಡಿಸ್ಕನ್ನು ಒಮ್ಮೆ ಅಂಗಡಿಗೇ ಒಯ್ದು ತುಂಬಿಸಿಕೊಂಡು ಬರೋಣ ಎಂದು ನಾನು ಹೇಳಿದ್ದೆ ಅನ್ನಿಸುತ್ತದೆ. ಆಮೇಲೆ ಸೇರಿಸಿಕೊಂಡ ನೆನಪೂ ಇರಬಹುದು.

ಅಂಗಡಿಯ ಬೀದಿಗೊಂದು ರೂಢಿ ಇದೆ. ಹಿಂದೊಮ್ಮೆ ವೈರು ಸುಟ್ಟು ಒಂದು ಅಂಗಡಿ ಬೂದಿಯಾದಾಗಿನಿಂದ, ಮೇನ್ ಸ್ವಿಚ್ ಆರಿಸದೆ ಯಾರೂ ಶಟರ್ ಎಳೆಯುವುದಿಲ್ಲ. ಪಕ್ಕದ ಅತ್ತರಿನ ಅಂಗಡಿಯ ಭಾಯ್ ದಿನಾ ಕೂಗುತ್ತಿದ್ದರು: "ಮೇನ್ ಬಂದ್ ಕರೇ ಕ್ಯಾ?"

"ಆರಿಸ್ದೆ ಭಾಯ್," ಎನ್ನುತ್ತಿದ್ದರು ದೊಡ್ಡಪ್ಪ. "ನಿಮ್ದು ನೋಡ್ಕೊಳ್ಳಿ. ನಿಮ್ಮ ಅತ್ತರಿಗೆ ಬೆಂಕಿ ಬಿದ್ರೆ ಇಡೀ ಶಿವಾಜಿನಗರ ಘಮಘಮ."

ಎಂಟೂವರೆಗೆಲ್ಲ ಅಂಗಡಿ ಕತ್ತಲು, ಕಂಪ್ಯೂಟರೂ ಕತ್ತಲು, ಫೋಟೋ ಹೋಗುವುದೂ ಅಲ್ಲಿಗೇ ನಿಲ್ಲುತ್ತಿತ್ತು. ಇದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮನೆಯಲ್ಲಿ ಡಿಸ್ಕಿನ ಹಸಿರು ದೀಪ ಎಂಟಕ್ಕೆ ಮಿಣುಕಲು ಶುರುವಾದುದನ್ನು ನೋಡಿ ನಾನು ಅಡುಗೆಗೆ ಹೋಗುತ್ತಿದ್ದೆ. ಅದು ನಿಂತದ್ದನ್ನು ನೋಡಿದ ನೆನಪಿಲ್ಲ.

ಒಂದು ಬೆಳಿಗ್ಗೆ ಅಂಗಡಿಯ ಕಂಪ್ಯೂಟರ್ ಒಳಗೆ ಟಕ್‌ಟಕ್ ಸದ್ದಾಯಿತು, ಪರದೆ ಹತ್ತಲಿಲ್ಲ. ಇಂದಿರಾನಗರದ ರಿಪೇರಿಯವರು ಡಿಸ್ಕ್ ಬಿಚ್ಚಿ, ಒಳಗಿನ ತಟ್ಟೆಯೇ ಗೀರಿಹೋಗಿದೆ, ಏನೂ ಬರುವುದಿಲ್ಲ ಎಂದರು.

ಮನೆಯ ಡಿಸ್ಕನ್ನು ನಾವಿಬ್ಬರೂ ಕೂತು ತೆರೆದೆವು. ದಿನಕ್ಕೆ ಅರ್ಧ ಗಂಟೆಯಷ್ಟು ಬಂದು ಸೇರಿದ್ದು: ಯಾರದೋ ಮದುವೆ, ಯಾರದೋ ನಾಮಕರಣ, ಯಾರದೋ ಹೊಸ ಆಟೋ ಮುಂದೆ ನಿಂತ ಸಂಸಾರ. ಗಿರಾಕಿಗಳದ್ದು ಮೊದಲು, ಮನೆಯವರದ್ದು ಕೊನೆಗೆ ಎಂದು ದೊಡ್ಡಪ್ಪ ಸಾಲು ಹಚ್ಚಿದ್ದರು. ಅಮ್ಮನ ಸರದಿ ಬಂದಿರಲಿಲ್ಲ.

"ಅವಳ ಎಡಗೆನ್ನೆ ಮೇಲೆ ಮಚ್ಚೆ ಇತ್ತಲ್ವಾ?" ಎಂದು ಕೇಳಿದೆ.

ದೊಡ್ಡಪ್ಪ ತಮ್ಮ ಕೆನ್ನೆ ಮುಟ್ಟಿ ನೋಡಿಕೊಂಡರು, ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ.

"ಬಲಗಡೆ ಅನ್ಸುತ್ತೆ ಕಣಮ್ಮ," ಎಂದರು.