ಸಿಗ್ನಲ್ ಮಾವನ ಬೆರಳು

ಹಿರಿಯೂರಿನ ಗ್ಯಾರೇಜಿನಲ್ಲಿ ನನ್ನ ಕಾರಿನ ಬಾಗಿಲ ಒಳಹೊದಿಕೆ ಕಿತ್ತಾಗ ಮೂಗಿಗೆ ಬಡಿದದ್ದು ಹಳೇ ಗ್ರೀಸಿನ ವಾಸನೆ. ಒಣಗಿ ಮೇಣದಂತೆ ಗಟ್ಟಿಯಾದ ಗ್ರೀಸು, ಅದಕ್ಕೆ ಮೆತ್ತಿದ ಧೂಳು, ಅಂಟು ಬಿಟ್ಟ ಪ್ಲಾಸ್ಟಿಕ್ ಹಾಳೆ... ಎಲ್ಲ ಸೇರಿದ ಒಂದು ಕಮಟು. ಹದಿಮೂರು ವರ್ಷದ ಹಿಂದೆ ಆ ಗ್ರೀಸನ್ನು ಬಳಿದವಳು ನಾನೇ. ಬಳಿಯಲು ಹೇಳಿಕೊಟ್ಟವರು ಅವತ್ತು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

ಅದು ಅದಕ್ಕೂ ಎಷ್ಟೋ ಹಿಂದೆ ಅಮ್ಮ ಕೊಂಡಿದ್ದ ಕಾರು. ಸ್ವಿಚ್ ಒತ್ತಿದರೆ ಗಾಜು ತಾನೇ ಏರಿಳಿಯುವ ಕಾರು ಆಗ ನಮ್ಮ ಕಡೆ ಅಪರೂಪ. ಈಗ ಅದನ್ನು ನೋಡಿದವರು ಕ್ಲಾಸಿಕ್ ಅನ್ನುತ್ತಾರೆ. ಗಾಜು ಕೆಟ್ಟ ದಿನ ಗುಜರಿ ಅನ್ನುತ್ತಾರೆ. ಹಿರಿಯೂರಿನ ಮೆಕ್ಯಾನಿಕ್ ಸ್ಕ್ರೂಡ್ರೈವರ್ ತೂರಿಸಿ ಮೂರು ಕ್ಲಿಪ್ ಮುರಿದ. ಬ್ಯಾಟರಿಯ ತಂತಿಯನ್ನೂ ಬಿಚ್ಚದೆ ಸೀದಾ ಗಾಜು ಏರಿಸುವ ಮೋಟರಿಗೆ ಕೈಹಾಕಿದ. ನಾನು ಕಿರುಚಿಬಿಟ್ಟೆ.

"ಇಂಥವು ನೂರು ಬಿಚ್ಚೀನಿ ಮೇಡಂ. ಸುಮ್ಕೆ ಕುಂತ್ಕಳ್ರಿ" ಅಂದ.

ನಾನು ಕೂರಲಿಲ್ಲ. ಹೊದಿಕೆಯನ್ನು ಹಾಗೇ ಒತ್ತಿ ಮುಚ್ಚಿಸಿ, ಗಾಜು ಒಳಗೇ ಉಳಿದ ಕಿಟಕಿಗೆ ಪ್ಲಾಸ್ಟಿಕ್ ಚೀಲ ಅಂಟಿಸಿಕೊಂಡು ಹೊರಟೆ. ಅವನ ಮೇಲೆ ಬಂದ ಸಿಟ್ಟು ಅರ್ಧದಾರಿಯಲ್ಲಿ ನನ್ನ ಮೇಲೇ ತಿರುಗಿತು.

ನಾನು ಪಶುವೈದ್ಯೆ. ಹದಿಮೂರು ವರ್ಷದ ಹಿಂದೆ ತಾಳ್ಯದಲ್ಲಿ ಕೆಲಸ, ಚಿಕ್ಕಜಾಜೂರಿನಲ್ಲಿ ಬಾಡಿಗೆ ಮನೆ. ಕೆಳಗಿನ ಮನೆಯಲ್ಲಿ ಮಾಲೀಕ ದಂಪತಿ. ಯಜಮಾನರು ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿ ನಿವೃತ್ತರಾಗಿದ್ದರು. ಬೀದಿಗೆಲ್ಲ ಸಿಗ್ನಲ್ ಮಾವ, ಅವರ ಹೆಂಡತಿ ಅತ್ತೆ. ನಾನೂ ಹಾಗೇ ಕರೆದೆ. ಬೀದಿಯವರ ಮಿಕ್ಸಿ, ಪಂಪು, ಗೋಡೆ ಗಡಿಯಾರ ಎಲ್ಲ ಅವರ ಜಗಲಿಗೇ ಬರುತ್ತಿದ್ದವು. ಕತ್ತಲಾಗುವವರೆಗೆ ಅಲ್ಲೇ ಕೂತು, ನಾಲಿಗೆಯ ತುದಿ ಕಚ್ಚಿಕೊಂಡು ಏನನ್ನಾದರೂ ಬಿಚ್ಚುತ್ತಿದ್ದರು.

ನನ್ನ ಕಾರಿನ ಗಾಜು ಅರ್ಧಕ್ಕೆ ನಿಂತಾಗ ಮಾವ ತಾವಾಗಿಯೇ ಬಂದರು. ಬಂದವರು ಮೂರು ಭಾನುವಾರ ತಿಂದರು. ಮೊದಲ ವಾರ ಬರೀ ಫ್ಯೂಸು, ವೈರು, ಸ್ವಿಚ್ಚು ಪರೀಕ್ಷೆ. ಎರಡನೇ ವಾರ ಗಾಜನ್ನು ಕೈಯಿಂದ ಮೇಲೆತ್ತಿ, ಜಾರದಂತೆ ಮರದ ಬೆಣೆ ಕೊಟ್ಟು, ಮೇಲೆ ಟೇಪು ಸುತ್ತಿದರು. ಹೊದಿಕೆಯ ಒಂದೊಂದು ಕ್ಲಿಪ್ಪನ್ನೂ ಬಿದಿರಿನ ಚಪ್ಪಟೆ ಸೀಳಿನಿಂದ ಎಬ್ಬಿಸಿ ಬಟ್ಟಲಿಗೆ ಹಾಕಿದರು. ನನಗೆ ಮೈ ಉರಿಯುತ್ತಿತ್ತು. ಬೆಳಗಾದರೆ ಹೊಸದುರ್ಗದ ಕಡೆ ಕುರಿಗಳಿಗೆ ಲಸಿಕೆ, ಹಳ್ಳಿ ಹಳ್ಳಿ ಓಡಾಟ, ಹೊದಿಕೆ ಕಿತ್ತ ಬಾಗಿಲಿನಿಂದ ಧೂಳು.

"ಅವಸ್ರ ಮಾಡಬ್ಯಾಡ್ರಿ ಡಾಕ್ಟ್ರಮ್ಮ" ಅನ್ನುತ್ತಿದ್ದರು. "ಒಳಗೆ ದೊಡ್ಡ ಸ್ಪ್ರಿಂಗ್ ಐತೆ. ಅದನ್ನ ತಡಕಂಡಿರೋದು ಮೋಟ್ರೇ. ಹಲ್ಲಿನ ಪಟ್ಟೀನ ಬೋಲ್ಟ್ ಹಾಕಿ ಬಿಗಿಯದಂಗೆ ಮೋಟ್ರು ಬಿಚ್ಚಿದ್ರೆ ಪಟ್ಟಿ ಹಾರಿ ಬೆರಳು ತಗಂಡೋಗುತ್ತೆ."

ಮೂರನೇ ಭಾನುವಾರ ಬಾನೆಟ್ ಎತ್ತಿ ಬ್ಯಾಟರಿಯ ತಂತಿ ಬಿಚ್ಚಿದರು. ಅದರ ಮೇಲೆ ರಟ್ಟಿನ ಖಾಲಿ ಬಿಸ್ಕತ್ ಡಬ್ಬಿ ಬೋರಲು ಹಾಕಿದರು. ಡಬ್ಬಿಯ ಮೇಲೆ ಸುಣ್ಣದಕಡ್ಡಿಯಲ್ಲಿ "ಮುಟ್ಟಬಾರದು" ಎಂದು ಬರೆದಿದ್ದರು. ಬರೆದದ್ದು ನನಗೇ. ಅಂಗಳದಲ್ಲಿ ಆಗ ಬೇರೆ ಯಾರೂ ಇರಲಿಲ್ಲ.

ಹನ್ನೊಂದಾಯಿತು, ಹನ್ನೆರಡಾಯಿತು... ನಲ್ಲಿಯ ಸದ್ದು ಕೇಳಿತು. ಮಾವ ಕೈ ತೊಳೆಯಲು ಹೋದರು ಅಂದುಕೊಂಡೆ. ಎತ್ತಿದ ಬಾನೆಟ್ಟಿನ ಮರೆಯಲ್ಲಿ ನಿಂತಿದ್ದ ನನಗೆ ಬಾಗಿಲ ಕಡೆ ಕಾಣುತ್ತಿರಲಿಲ್ಲ. ಬಗ್ಗಿ ನೋಡಲೂ ಇಲ್ಲ. ಈ ಮೋಟರಿಗೆ ಜೀವ ಇದೆಯೋ ಇಲ್ಲವೋ, ಇವತ್ತು ತಿಳಿದೇಬಿಡಲಿ ಎಂದು ಡಬ್ಬಿ ತೆಗೆದು ಪಕ್ಕಕ್ಕಿಟ್ಟೆ. ತಂತಿಯನ್ನು ಬ್ಯಾಟರಿಗೆ ತಾಗಿಸಿದೆ. ಬೆಳಿಗ್ಗೆ ನಾನೇ ತಿರುಗಿಸಿದ್ದ ಕೀ ಹಾಗೇ ಇತ್ತು. ನಾನೇ ಸಿಟ್ಟಿನಲ್ಲಿ ಒತ್ತಿ ಒತ್ತಿ ಕೆಡಿಸಿದ್ದ ಸ್ವಿಚ್ಚು ಒಳಗೇ ಸಿಕ್ಕಿಕೊಂಡಿತ್ತು. ಮೋಟರು ಗುರ್ರೆಂದಿತು.

ನಲ್ಲಿಯ ಹತ್ತಿರ ಇದ್ದದ್ದು ಅತ್ತೆ. ಮಾವನ ಬಲಗೈ ಬಾಗಿಲ ಒಳಗಿತ್ತು.

ಅವರು ಕೂಗಲಿಲ್ಲ. ಉಸಿರೆಳೆದುಕೊಂಡ ಸದ್ದಷ್ಟೇ ಕೇಳಿತು. ನಾನು ತಂತಿ ಎಳೆದು ಓಡಿದೆ. ತೋರುಬೆರಳು ಹಲ್ಲುಪಟ್ಟಿಗೆ ಸಿಕ್ಕಿತ್ತು. ಬಿಡಿಸಿದಾಗ ಅದು ಬೆರಳಿನ ಹಾಗೆ ಕಾಣಲಿಲ್ಲ. ಅತ್ತೆ ಒದ್ದೆ ಕೈಯಲ್ಲೇ ಓಡಿಬಂದು, "ಏನಾತ್ರೀ?" ಅಂದರು.

ಮಾವ ನನ್ನ ಕಡೆ ಒಮ್ಮೆ ನೋಡಿದರು. "ಸ್ಪ್ರಿಂಗ್ ಜಾರ್ತು. ನಾನೇ ಸರಿ ಹಿಡ್ಕಂಡಿರಲಿಲ್ಲ" ಅಂದರು.

ನಾನು ಬಾಯಿ ತೆರೆಯಲಿಲ್ಲ. ಹೊಳಲ್ಕೆರೆಯ ಆಸ್ಪತ್ರೆಗೆ ಹೋಗುವ ದಾರಿಯಲ್ಲೂ ತೆರೆಯಲಿಲ್ಲ. ಹೊಲಿಗೆ ಹಾಕುವಾಗ ಡಾಕ್ಟರು ಕೇಳಿದರು. ಮಾವ ಅದನ್ನೇ ಹೇಳಿದರು. ಬೆರಳು ಉಳಿಯಿತು, ಆದರೆ ಮತ್ತೆ ಮಡಚಲಿಲ್ಲ.

ತಿಂಗಳಾದ ಮೇಲೆ ಮಾವ ಕುರ್ಚಿ ತಂದು ಕಾರಿನ ಪಕ್ಕ ಹಾಕಿಕೊಂಡರು. "ಈ ಸಲ ನೀವೇ ಮಾಡ್ರಿ, ನಾನು ಹೇಳ್ತೀನಿ" ಅಂದರು. ತಂತಿ ಬಿಚ್ಚುವುದು, ಪಟ್ಟಿಯ ತೂತಿಗೆ ಬೋಲ್ಟ್ ಹಾಕಿ ಬಿಗಿಯುವುದು, ಮೋಟರು ಇಳಿಸುವುದು, ಹಳೇ ಗ್ರೀಸು ಒರೆಸುವುದು, ಎಲ್ಲ ನನ್ನ ಕೈಯಲ್ಲೇ ಮಾಡಿಸಿದರು. ಸ್ಪ್ಯಾನರ್ ಜಾರಿದಾಗೆಲ್ಲ ಅವರ ಕೈ ಮುಂದೆ ಬಂದು ಮತ್ತೆ ಮಡಿಲಿಗೆ ಹೋಗುತ್ತಿತ್ತು. ನನಗೆ ಕಲಿಸುವ ಆಸೆ ಅಂದುಕೊಂಡಿದ್ದೆ. ಎಂಥ ಪೆದ್ದಿ ನಾನು... ಅತ್ತೆ ಅವರಿಗೆ ಟೂಲು ಮುಟ್ಟಬಾರದು ಎಂದು ಆಣೆ ಹಾಕಿಸಿದ್ದರು. ಅದು ಗೊತ್ತಾದದ್ದು ಜಗಲಿ ಖಾಲಿಯಾದಾಗ. "ವಯಸ್ಸಾತು, ಕೈ ಹಿಡಿತದಾಗಿಲ್ಲ. ಇವತ್ತು ಬೆರಳು, ನಾಳೆ ಕರೆಂಟು" ಎನ್ನುತ್ತಾ ಅತ್ತೆ ಪೆಟ್ಟಿಗೆ ಸಮೇತ ಟೂಲುಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಿದ್ದರು.

ಆಗಲಾದರೂ ಹೇಳಬಹುದಿತ್ತು. ಒಮ್ಮೆ ಮಾವನಿಗೇ ಹೇಳಲು ಹೋದೆ. "ಮಾವ, ಆವತ್ತು ನಾನು..." ಅನ್ನುವಷ್ಟರಲ್ಲಿ, "ಗಾಜು ಸರಿಯಾಗಿ ಏರ್ತೈತಾ?" ಎಂದು ಕೇಳಿ ಮಾತು ಮುಗಿಸಿಬಿಟ್ಟರು. ಯಾಕೆ ಹಾಗೆ ಮಾಡಿದರು ಎಂದು ಈಗಲೂ ಅವರ ಮೇಲೆ ಸಿಟ್ಟು ಬರುತ್ತದೆ. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ನನಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ನೋಡಲು ಹೋದಾಗೆಲ್ಲ ಮಾವ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಎರಡು ವರ್ಷದ ಹಿಂದೆ ತೀರಿಕೊಂಡರು. ಮಣ್ಣಿಗೂ ಹೋಗಿದ್ದೆ. ಆಗಲೂ ಹೇಳಲಿಲ್ಲ.

ಹಿರಿಯೂರಿನಿಂದ ಹೊರಟವಳು ಚಿತ್ರದುರ್ಗದಲ್ಲಿ ನಿಲ್ಲಿಸದೆ ಚಿಕ್ಕಜಾಜೂರಿಗೇ ಹೋದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ಡಬ್ಬಿ ತೆಗೆದದ್ದು, ತಂತಿ ತಾಗಿಸಿದ್ದು, ಎಲ್ಲವನ್ನೂ ನಿಂತೇ ಹೇಳಿದೆ. ಅವರು ಮೊರದಿಂದ ಕಣ್ಣೆತ್ತಲಿಲ್ಲ.

"ನಿನ್ನ ಯಾರೇನು ನೇಣಿಗಾಕ್ತಿರಲಿಲ್ಲ ಕಣವ್ವ" ಅಂದರು, ಕಲ್ಲೊಂದನ್ನು ಹೆಕ್ಕಿ ಎಸೆಯುತ್ತಾ. "ಕೈಲಾಗದೋರು ಅಂತ ಅವ್ರನ್ನ ಎಷ್ಟು ಬೈದೀನಿ... ಒಂದಿನಾನೂ ತಿರುಗಿ ಮಾತಾಡ್ಲಿಲ್ಲ."

ಊಟಕ್ಕೆ ಕರೆದರು. ಬಡಿಸಿದರು. ಮೊರ ಎತ್ತಿಕೊಂಡು ಒಳಕ್ಕೆ ಹೋದರು.

ಮೊನ್ನೆ ಭಾನುವಾರ ನಾನೇ ಬಾಗಿಲು ಬಿಚ್ಚಿ, ಒಂದನ್ನೂ ಬಿಡದೆ ಅವರು ಹೇಳಿದ ಕ್ರಮದಲ್ಲೇ ಮಾಡಿದೆ. ಸಂಜೆಯಾಯಿತು, ಆದರೆ ಗಾಜು ಸರಾಗವಾಗಿ ಏರಿತು. ಕೈಗೆ ಒಂದು ಗೀರೂ ಆಗಲಿಲ್ಲ. ಆ ಸುದ್ದಿ ಹೇಳಬೇಕೆನಿಸಿದ್ದು ಮಾವನಿಗೆ. ಅವರಿಲ್ಲ. ಅತ್ತೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇವತ್ತು ಬೆಳಿಗ್ಗೆಯೂ ಮಾಡಿದೆ, ಬರೀ ರಿಂಗಾಯಿತು.