ಹಾಲಿಲ್ಲದ ಚಹಾ ಮತ್ತು ಔಷಧದ ಷೇರು

ಹೋದ ಸೋಮವಾರ ದೊಡ್ಡ ಮೊಮ್ಮಗಳ ಮುಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು. ಆಕೆ ಅದನ್ನು ಮರೆತು ಮೊಬೈಲಿನ ಕೆಂಪು, ಹಸಿರು ಅಂಕಿಗಳನ್ನು ನೋಡುತ್ತ ಕುಳಿತಿದ್ದಳು. ಏನಾಯಿತೆಂದು ಕೇಳಿದೆ. “ಬಜಾರದ ಸೆಂಟಿಮೆಂಟ್ ಬದಲಾಗೈತಿ ಆಯಿ. ಎಲ್ಲಾರೂ ಬ್ಯಾಂಕಿನ ಷೇರು ಬಿಟ್ಟು ಔಷಧದ್ದು ತೊಗೊಳ್ಳಾಕತ್ತಾರ,” ಅಂದಳು. ಹೊಲಿಗೆ ಮಷೀನಿಗೆಂದು ಕೂಡಿಟ್ಟ ದುಡ್ಡನ್ನು ತಾನೂ ಅದಕ್ಕೇ ಹಾಕುವ ವಿಚಾರವಂತೆ. ಔಷಧದ ಷೇರು ಅಂದ ಕೂಡಲೇ ನನಗೆ ನಮ್ಮ ಎಮ್ಮೆ ನೆನಪಾಯಿತು. ನಗಬೇಡಿ ಮಕ್ಕಳೇ, ಎರಡಕ್ಕೂ ಸಂಬಂಧವಿದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಪರದೇಶದ ಕಂಪನಿಗಳು ತಮ್ಮ ಷೇರುಗಳಲ್ಲಿ ಒಂದು ಪಾಲನ್ನು ನಮ್ಮ ಜನರಿಗೂ ಕೊಡಬೇಕೆಂದು ಸರಕಾರ ಹೇಳಿತ್ತು. ಆ ಸುದ್ದಿ ತಿಕೋಟಾದವರೆಗೆ ಬಂತು. ಅಲ್ಲಿ ನನ್ನ ಯಜಮಾನರದು, ಅಂದರೆ ನಿಮ್ಮ ಮುತ್ಯಾನದು, ಬಟ್ಟೆ ಅಂಗಡಿ, ಅದರ ಹಿಂದೆಯೇ ನಮ್ಮ ಮನೆ. ಪ್ರತಿ ರವಿವಾರ ವಿಜಾಪುರದಿಂದ ಬೀಜದ ವ್ಯಾಪಾರಿ ರಜಾಕಸಾಬರು ಬಸ್ಸಿಗೆ ಬರುವರು, ಕಂಕುಳಲ್ಲಿ ಸೊಲ್ಲಾಪುರದ ಮರಾಠಿ ಪೇಪರು. ಸಾಲಿಯ ಗುರುಪಾದಪ್ಪ ಮಾಸ್ತರರು ಅದನ್ನು ಓದಿ ಅರ್ಥ ಹೇಳುವರು. ಪೇಪರು ಎರಡು ದಿನ ಹಳೆಯದು. ಮುಂಬಯಿಯ ಬಜಾರು ಅತ್ತು ಮುಗಿಸಿ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಅಳು ಶುರುವಾಗುತ್ತಿತ್ತು.

ಮಾಸ್ತರರ ಸಿದ್ಧಾಂತ ಸುಳ್ಳೆಂದು ನಾನು ಹೇಳಲಾರೆ. ಬಜಾರದ ಹವಾ ಬದಲಾದರೆ ಎಲ್ಲ ಕಂಪನಿಗಳೂ ಕೂಡಿ ಅಲುಗಾಡುವುದಿಲ್ಲ ಅನ್ನುತ್ತಿದ್ದರು. ಜೋಳದ ಹೊಲಕ್ಕೆ ಬೇಕಾದ ಗಾಳಿ ಬೇರೆ, ಕಣದಲ್ಲಿ ತೂರಲು ಬೇಕಾದ ಗಾಳಿ ಬೇರೆ. ಜನ ಖುಷಿಯಾಗಿದ್ದರೆ ಬಟ್ಟೆ, ಮೋಟಾರು ಏರುತ್ತವೆ. ಹೆದರಿದರೆ ಔಷಧ, ಸಾಬೂನು ಏರುತ್ತವೆ. ಇಷ್ಟು ಸರಿ. ಆದರೆ ಜನ ಖುಷಿಯಾಗಿದ್ದಾರೋ ಹೆದರಿದ್ದಾರೋ ಎಂದು ತಿಳಿಯುವುದು ಹೇಗೆ? ಮಾಸ್ತರರು, ರಜಾಕಸಾಬರು, ನಿಮ್ಮ ಮುತ್ಯಾ, ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಭೂತನಾಳ ಕೆರೆಯ ನೀರು ರಜಾಕಸಾಬರ ನಳಕ್ಕೆ ನಾಲ್ಕು ದಿನ ಬರಲಿಲ್ಲ. ಆ ವಾರ ಪೈಪಿನ ಕಂಪನಿಗಳಿಗೆ ಒಳ್ಳೆಯ ಕಾಲ ಬಂತೆಂದು ತೀರ್ಮಾನವಾಯಿತು. ಮಾಸ್ತರರ ಸೈಕಲ್ಲಿನ ಟಾಯರು ಕನಮಡಿ ರಸ್ತೆಯಲ್ಲಿ ಒಡೆಯಿತು. ರಬ್ಬರಿನ ಮೇಲೆ ದೇಶದ ವಿಶ್ವಾಸ ಹೋಯಿತು. ನಾನು ಒಳಗೆ ರೊಟ್ಟಿ ಬಡಿಯುತ್ತ ಎಲ್ಲ ಕೇಳುತ್ತಿದ್ದೆ. ನಾಲ್ಕನೇ ಇಯತ್ತೆ ಓದಿದವಳಿಗೆ ಅವರ ಮುಂದೆ ಮಾತೆಲ್ಲಿಯದು? ಪರ ಗಂಡಸರ ಎದುರು ಹೊಸ್ತಿಲು ದಾಟಿದವಳೂ ಅಲ್ಲ. ಚಹಾದ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಬಳೆ ಸಪ್ಪಳ ಮಾಡಿದರೆ ನಿಮ್ಮ ಮುತ್ಯಾ ಬಂದು ಒಯ್ಯುತ್ತಿದ್ದರು.

ಒಂದು ಚಳಿಗಾಲ ಮೂವರಿಗೂ ಒಮ್ಮೆಲೇ ನೆಗಡಿಯಾಯಿತು. ಅಂದರೆ ಇಡೀ ದೇಶಕ್ಕೆ ನೆಗಡಿಯಾಯಿತು. ಅದೇ ವಾರ ಔಷಧದ ಕಂಪನಿಯೊಂದರ ಷೇರಿನ ಅರ್ಜಿ ಫಾರ್ಮು ವಿಜಾಪುರದ ಬ್ಯಾಂಕಿಗೆ ಬಂದಿತ್ತು. ನಿಮ್ಮ ಮುತ್ಯಾ ಕೆಮ್ಮಿನ ಔಷಧದ ಬಾಟಲಿಯನ್ನು ಬೆಳಕಿಗೆ ಹಿಡಿದು, ದೇವರನ್ನು ಕಂಡವರಂತೆ ನೋಡಿದರು. ಹಣ ಎಲ್ಲಿಂದ ಎಂಬ ಮಾತು ಬಂದಾಗ, ಬಬಲೇಶ್ವರದ ಸಂತೆಯಲ್ಲಿ ಎಮ್ಮೆ ಮಾರುವುದೆಂದು ಠರಾವಾಯಿತು.

ಆ ಎಮ್ಮೆ ನನ್ನದು. ನನ್ನಪ್ಪ ಮಮದಾಪುರದಿಂದ ತಾನೇ ನಡೆಸಿಕೊಂಡು ಬಂದು ನಮ್ಮ ಗ್ವಾದಲಿಯಲ್ಲಿ ಕಟ್ಟಿ ಹೋಗಿದ್ದ. ಆ ವರ್ಷವೇ ಅವನು ತೀರಿಕೊಂಡಿದ್ದ. ನನ್ನ ಕೈ ಮೂಸಿದಾಗ ಅದಕ್ಕೆ ಅವನ ನೆನಪೂ ಆಗುತ್ತದೆಂದು ನಾನು ನಂಬಿದ್ದೆ. ಇದನ್ನು ಷೇರಿನವರ ಮುಂದೆ ಯಾವ ಭಾಷೆಯಲ್ಲಿ ಹೇಳಬೇಕು?

ಸಂತೆಯ ಹಿಂದಿನ ದಿನ ಫಾರ್ಮು ತುಂಬಲು ಮೂವರೂ ಕೂತರು. ನಾನು ಹಾಲಿಲ್ಲದ ಚಹಾ ಮಾಡಿ ಹೊಸ್ತಿಲ ಮೇಲಿಟ್ಟು ಬಳೆ ಸಪ್ಪಳ ಮಾಡಿದೆ. ಒಂದು ಗುಟುಕಿಗೇ ಪೆನ್ನು ನಿಂತಿತು.

“ಹಾಲು ಇಲ್ಲೇನ್ರಿ ಅಕ್ಕಾರ?” ಎಂದು ರಜಾಕಸಾಬರು ಕೇಳಿದರು.

ಬಾಗಿಲ ಮರೆಯಿಂದ ನನ್ನ ದನಿ ಹೊರಟಿತು. ನನ್ನದೇ ಅಂತ ನನಗೂ ಅನಿಸಲಿಲ್ಲ. “ಎಮ್ಮಿ ನಾಳಿ ಹೊಂಟೈತ್ರಿ ಅಣ್ಣಾರ. ಇವತ್ತಿಂದನ ರೂಢಿ ಆಗ್ಲಿ ಅಂತ.”

ಮಾಸ್ತರರು ಕಪ್ಪು ಕೆಳಗಿಟ್ಟು, “ಯಾಕೋ ಔಷಧದಾಗ ಹವಾ ಇಳಿದಂಗ ಕಾಣಸ್ತೈತಿ,” ಅಂದರು. ನೆಗಡಿಯೂ ಈಗೀಗ ಕಡಿಮೆಯಾಗುತ್ತಿದೆ ಎಂದು ರಜಾಕಸಾಬರು ಸೇರಿಸಿದರು. ನಿಮ್ಮ ಮುತ್ಯಾ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು. ಎಮ್ಮೆ ಗ್ವಾದಲಿಯಲ್ಲೇ ಉಳಿಯಿತು.

ಆ ಕಂಪನಿಯ ಷೇರು ಮುಂದೆ ಬಹಳ ಏರಿತಂತೆ. ಮನೆಗೆ ಬಂದಾಗಲೆಲ್ಲ ಮಾಸ್ತರರು ಅದನ್ನು ಹೇಳಿ ನಿಟ್ಟುಸಿರು ಬಿಡುತ್ತಿದ್ದರು, ಗಟ್ಟಿ ಹಾಲಿನ ಚಹಾ ಕುಡಿಯುತ್ತ. ನನಗೂ ಒಳಗೊಳಗೆ ಚುಚ್ಚುತ್ತಿತ್ತು. ಮನೆಯ ಭಾಗ್ಯಕ್ಕೆ ನಾನೇ ಅಡ್ಡ ಬಂದೆನೇನೋ ಎಂದು ಎಷ್ಟೋ ವರ್ಷ ಅಂದುಕೊಂಡೆ.

ಕೊನೆಯ ಬೇನೆಯಲ್ಲಿ ಹಾಸಿಗೆ ಹಿಡಿದಿದ್ದಾಗ ನಿಮ್ಮ ಮುತ್ಯಾ ಒಂದು ಮಧ್ಯಾಹ್ನ ತಾವಾಗಿಯೇ ಹೇಳಿದರು: “ಆವತ್ತ ನೆಲುವಿನ ಮ್ಯಾಲ ಹಾಲಿನ ಗಡಿಗಿ ತುಂಬಿತ್ತು. ನಾ ನೋಡಿದ್ನಿ.”

“ಮತ್ಯಾಕ ಸುಮ್ಮನಿದ್ರಿ?”

“ಎಮ್ಮಿ ಮಾರಾಕ ನನಗೂ ಮನಸ್ಸಿರಲಿಲ್ಲ. ಅವರಿಬ್ಬರ ಮುಂದ ಹೆಂಗ ಹೇಳಲಿ? ಯಾರೂ ನನ್ನ ಕೇಳಲೂ ಇಲ್ಲ.”

ಆ ‘ಯಾರೂ’ ಅನ್ನುವುದರಲ್ಲಿ ನಾನೂ ಇದ್ದೆ. ಚಹಾ ಮಾಡಿ ಗೆದ್ದೆನೆಂದು ಹಿಗ್ಗಿದ್ದೆನೇ ಹೊರತು, ಒಂದು ಮಾತು ಕೇಳಿರಲಿಲ್ಲ. ಮಾಸ್ತರರಿಗೂ ರಜಾಕಸಾಬರಿಗೂ ಮನಸ್ಸಿತ್ತೋ ಇಲ್ಲವೋ, ಈಗ ಯಾರನ್ನು ಕೇಳುವುದು?

ಇರಲಿ, ಹೋದ ಸೋಮವಾರಕ್ಕೆ ಬರುತ್ತೇನೆ. ಕೆನೆ ಕಟ್ಟಿದ ಕಪ್ಪನ್ನು ಒಳಗೊಯ್ದು, ಹಳೆಯ ಉಪಾಯವೇ ಇರಲಿ ಎಂದು ಹಾಲಿಲ್ಲದ ಚಹಾ ಮಾಡಿ ತಂದಿಟ್ಟೆ. ಮೊಮ್ಮಗಳು ಮೊಬೈಲಿನಿಂದ ಕಣ್ಣು ತೆಗೆಯದೆ ಪೂರಾ ಕುಡಿದಳು. “ಚಲೋ ಆಗೈತಿ ಆಯಿ,” ಅಂದಳು.

ಇನ್ನು ಹೊಸ್ತಿಲ ಆಚೆ ನಿಂತು ಬಳೆ ಸಪ್ಪಳ ಮಾಡಿದರೆ ಕೆಲಸವಾಗುವ ಹಾಗಿರಲಿಲ್ಲ. ಆಕೆಯ ಎದುರಿಗೇ ಕೂತೆ.

“ಔಷಧದ್ದು ತೊಗೊಳ್ಳಾಕ ನಿನಗ ಮನಸ್ಸೈತೇನು?”

ಆಕೆ ಮೊಬೈಲನ್ನು ಬೋರಲು ಹಾಕಿದಳು. “ಇಲ್ಲ ಆಯಿ. ನನಗ ಮಷೀನು ಬೇಕಾಗೈತಿ,” ಅಂದಳು. ಆಮೇಲೆ ಖಾಲಿ ಕಪ್ಪಿನೊಳಗೆ ಇಣುಕಿ ಕೇಳಿದಳು, “ಇದಕ್ಕ ಹಾಲು ಹಾಕಿದ್ದಿಲ್ಲೇನು?”