ಸೋಮವಾರದ ಮೆತ್ತನೆ ಸ್ಪ್ರಿಂಗು

ಹೋದ ವಾರ ಕಾರಿನ ಸೀಟಿನ ಹೊದಿಕೆ ಬಿಚ್ಚಿಸಿದಾಗ ನೋವಿನ ಮುಲಾಮಿನ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷ ಸ್ಪಂಜಿನೊಳಗೆ ಅಡಗಿ ಕೂತಿತ್ತು... ಬಾಗೇವಾಡಿಯ ಗ್ಯಾರೇಜಿನ ಮಿಸ್ತ್ರಿ ನೆನಪಾದ.

ನನ್ನದು ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ನೋಡಲು ಮದುಮಗ, ತಿರುವು ಬಂದರೆ ಕುಡುಕ. ಮೈಯೆಲ್ಲ ಒಂದು ಕಡೆ ವಾಲುತ್ತಿತ್ತು. ಗಟ್ಟಿ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್ ತರಿಸಿ ಮಿಸ್ತ್ರಿಗೆ ಒಪ್ಪಿಸಿದೆ. ಮಂಗಳವಾರ ಓಡಿಸಿ ನೋಡಿದರೆ ಮೊದಲಿಗಿಂತ ಹೆಚ್ಚು ವಾಲಿತು.

"ಇನ್ನೊಂದು ವಾರ ಬಿಡ್ರಿ ವಕೀಲ್ರ, ಹದಕ್ಕ ಬರ್ತೈತಿ," ಎಂದ. ಮುಂದಿನ ಮಂಗಳವಾರವೂ ಅದೇ ಹಾಡು.

ವಕೀಲಿಕೆಯಲ್ಲಿ ಕೂದಲು ಹಣ್ಣಾದವನು ನಾನು. ಹೊತ್ತಿಗೆ ಚಹಾ ಇಲ್ಲದಿದ್ದರೂ ನಡೆದೀತು, ಅನುಮಾನ ಬೇಕು. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಮಿಸ್ತ್ರಿ ಆ ರೂಢಿಯನ್ನು ಗಾಡಿಗಳಿಗೂ ಹಚ್ಚಿದ್ದ; ಅಂದು ಪಾನಾ, ಸುತ್ತಿಗೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಆದರೆ ಮಂಗಳವಾರ ನನ್ನ ಕಾರಿನ ಗಾಲಿಗೆ ಹಸಿ ಎರೆಮಣ್ಣು ಮೆತ್ತಿರುತ್ತಿತ್ತು. ಬಾಡಿಗೆಗೆ ಓಡಿಸುತ್ತಾನೆ, ನನ್ನ ಸ್ಪ್ರಿಂಗು ಮಾರಿಕೊಂಡಿದ್ದಾನೆ... ಮನಸ್ಸಿನಲ್ಲೇ ಕೇಸು ಹಾಕಿಬಿಟ್ಟೆ.

ಒಂದು ಸೋಮವಾರ ನಿಡಗುಂದಿ ರಸ್ತೆಯ ಚಹಾದಂಗಡಿಯಲ್ಲಿ ಹೊಂಚು ಹಾಕಿ ಕೂತೆ. ಕಾರು ಬಂತು, ಬಂಡಿಯಷ್ಟು ನಿಧಾನವಾಗಿ. ಪಕ್ಕದ ಸೀಟಿನಲ್ಲಿ ಆತನ ಹೆಂಡತಿ, ಸೊಂಟಕ್ಕೆ ಮುಲಾಮು ಹಚ್ಚಿ ಪಟ್ಟಿ ಬಿಗಿದುಕೊಂಡು ಕೂತಿದ್ದಳು. ಕೈ ಅಡ್ಡ ಹಿಡಿದೆ.

"ಸೋಮವಾರ ಗಾಡಿ ದುಡಿಸಂಗಿಲ್ಲ ಅಂತಿದ್ದೆಲ್ಲೋ?"

"ಇದು ದುಡಿಮಿ ಅಲ್ರಿ, ತವರುಮನಿ," ಎಂದ ಮಿಸ್ತ್ರಿ. "ಆಲಮಟ್ಟಿಯೊಳಗ ಇಕಿ ಅವ್ವ ಹಾಸಿಗಿ ಹಿಡದಾಳ. ಆಪರೇಷನ್ ಆದ ಸೊಂಟ, ಬಸ್ಸಿನ್ಯಾಗ ಕುಂದ್ರಾಕ ಆಗಂಗಿಲ್ಲ. ಗಟ್ಟಿ ಸ್ಪ್ರಿಂಗಿಗೆ ಅಳತಿದ್ಳರಿ... ಅದಕ್ಕ ಮೆತ್ತನವು ಹಾಕೇನಿ. ನಿಮ್ಮವು ಹಂಗ ಅದಾವ್ರಿ."

ಆಕೆ ನನ್ನನ್ನೇ ನೋಡಿದಳು. "ಇಳೀಲೇನ್ರಿ?"

"ಬ್ಯಾಡವ್ವ, ಹೋಗ್ರಿ," ಎಂದೆ. ಆದರೂ ನಂಬಿಕೆ ಸಾಲದೆ ಬೈಕಿನಲ್ಲಿ ಆಲಮಟ್ಟಿಯವರೆಗೂ ಹಿಂಬಾಲಿಸಿದೆ. ಮುದುಕಿ ಇದ್ದಳು. ಬಾಗಿಲಾಚೆಯಿಂದಲೇ ಕಂಡಿತು, ಮಗಳ ಕೈ ಹಿಡಿದವಳು ಬಿಡಲೇ ಇಲ್ಲ. ಆ ಮುದುಕಿ ಇರುವತನಕ ನಾನು ಕಾರು ಕೇಳಲಿಲ್ಲ.

ಕಾರು ಒಪ್ಪಿಸುವಾಗ ಮಿಸ್ತ್ರಿ ಗಟ್ಟಿ ಸ್ಪ್ರಿಂಗುಗಳನ್ನು ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಮರಳಿ ಕೊಟ್ಟ. "ನಾಳೆ ಬರ್ರಿ, ಹಾಕಿ ಕೊಡ್ತೇನಿ" ಎಂದಿದ್ದ. ನಾನು ಹೋಗಲಿಲ್ಲ. ಈಗ ಹೋಗೋಣವೆಂದರೆ ಆತನೇ ಇಲ್ಲ... ಹೆಂಡತಿಯೂ ಇಲ್ಲ.

ಹೊದಿಕೆ ಹಾಕಲು ಬಂದ ಹೊಸ ಮೆಕ್ಯಾನಿಕ್ ಕೆಳಗೆ ಬಗ್ಗಿ ನೋಡಿ ನಕ್ಕ. "ಇಂಥಾ ಗಾಡಿಗೆ ಇಂಥಾ ಮೆತ್ತನ ಸ್ಪ್ರಿಂಗ್ ಯಾರ್ ಹಾಕಿದ್ರಿ? ಬದಲಿ ಮಾಡ್ಲೇನ್ರಿ?"

"ಬ್ಯಾಡ," ಎಂದೆ. ತಿರುವಿನಲ್ಲಿ ಇನ್ನೂ ವಾಲುತ್ತದೆ. ನಾನೇ ನಿಧಾನ ಮಾಡುತ್ತೇನೆ.